ಕೊಳೆಯದ ಎಲೆಗಳು

ಹಿತ್ತಲ ಕೊಳ ಕನ್ನಡಿಯ ಹಾಗೆ ತಿಳಿಯಾಗಿತ್ತು. ಸೊಳ್ಳೆಯ ಕಾಟವೂ ಇರಲಿಲ್ಲ. ಬೀದಿಯವರೆಲ್ಲ ಲಾಂಡ್ರಿ ನಡೆಸುವ ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಆಸ್ಪತ್ರೆಯ ಹೊದಿಕೆಗಳ ಕಲೆ ತೆಗೆಯಲು ಅವಳು ತಂದ ಹೊಸ ದ್ರಾವಣ, ಒಗೆದ ನೀರಿನ ಜೊತೆ ಪೈಪಿನಲ್ಲಿ ಇಳಿದು ಕೊಳ ಸೇರುತ್ತಿತ್ತು.

"ನೋಡು, ಕೊಳಾನೂ ಒಗೆದುಹಾಕಿದೀನಿ!" ಎನ್ನುತ್ತಿದ್ದಳು ಅಕ್ಕ.

ಅವಳ ತಂಗಿ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಮಾತು ಕಡಿಮೆ. ಕೊಳದ ತಳದಲ್ಲಿ ತಿಂಗಳುಗಟ್ಟಲೆ ಕೊಳೆಯದೆ ಬಿದ್ದಿದ್ದ ಎಲೆಗಳನ್ನು ಕಂಡು ಅವಳಿಗೆ ದಿಗಿಲಾಗಿತ್ತು. ಪಕ್ಕದ ಬಾವಿಯಿಂದಲೇ ಬೀದಿಗೆಲ್ಲ ಕುಡಿಯುವ ನೀರು.

"ಅಕ್ಕಾ, ಆ ದ್ರಾವಣ ಸ್ವಲ್ಪ ಕೊಡು. ಪರೀಕ್ಷೆ ಮಾಡ್ತೀನಿ."

"ಅದಕ್ಯಾಕೆ ಪರೀಕ್ಷೆ? ಬೆಳಿಗ್ಗೆ ಬಿಟ್ಟ ನೊರೆ ಮಧ್ಯಾಹ್ನಕ್ಕೆ ಇರಲ್ಲ. ನೀರೇ ತಿಂದುಹಾಕತ್ತೆ."

"ನೀರು ತಿನ್ನಲ್ಲ ಅಕ್ಕ, ನೀರಲ್ಲಿರೋ ಕಣ್ಣಿಗೆ ಕಾಣದ ಜೀವಿಗಳು ತಿನ್ನೋದು. ನೊರೆ ಹೋದ್ರೆ ದ್ರಾವಣ ಹೋಯ್ತು ಅಂತಲ್ಲ. ಪರೀಕ್ಷೆಯ ನಿಯಮದ ಪ್ರಕಾರ ಇಪ್ಪತ್ತೆಂಟು ದಿನ ನೋಡ್ಬೇಕು."

"ಅಬ್ಬಾ, ಬಾಟಲಿಗೂ ಬಾಣಂತನವಾ?" ಅಕ್ಕ ನಗುತ್ತಲೇ ಒಂದು ಸೀಸೆ ತುಂಬಿಕೊಟ್ಟಳು.

ತಂಗಿ ದೂರದ ಹಳ್ಳದಿಂದ ಜೀವವಿರುವ ನೀರು ತಂದು ಮೂರು ಬಾಟಲಿಗಳಿಗೆ ತುಂಬಿದಳು. ಒಂದು ಬಾಟಲಿಗೆ ಆ ಜೀವಿಗಳು ಸಲೀಸಾಗಿ ತಿನ್ನುವ ಪದಾರ್ಥ ಹಾಕಿದಳು. ಎರಡನೆಯದಕ್ಕೆ ಅಕ್ಕನ ದ್ರಾವಣ. ಮೂರನೆಯದಕ್ಕೆ ಎರಡೂ. ಬಿಗಿಯಾಗಿ ಮುಚ್ಚಿ ಕತ್ತಲ ಕಪಾಟಿನಲ್ಲಿಟ್ಟಳು. ಜೀವಿಗಳು ತಿಂದರೆ ಉಸಿರಾಡುತ್ತವೆ, ನೀರಿನ ಆಮ್ಲಜನಕ ಇಳಿಯುತ್ತದೆ. ಅಕ್ಕನ ದ್ರಾವಣದ ಬಾಟಲಿಯಲ್ಲೂ ಇಳಿಯಲಿ, ಅವಳ ಮೇಲೆ ತಪ್ಪು ಬಾರದಿರಲಿ ಎಂದು ವಾರವಾರವೂ ಬೇಡಿಕೊಂಡಳು.

ಮೊದಲನೆಯದರಲ್ಲಿ ಇಳಿಯಿತು. ಎರಡನೆಯದರಲ್ಲಿ ಇಪ್ಪತ್ತೆಂಟನೆಯ ದಿನವೂ ಇದ್ದಷ್ಟೇ ಇತ್ತು. ಮೂರನೆಯದನ್ನು ಎರಡು ಸಲ ಅಳೆದಳು; ಅದರಲ್ಲೂ ಇಳಿದಿರಲಿಲ್ಲ.

"ಅಕ್ಕಾ, ಮೂರನೇದ್ರಲ್ಲಿ ಒಳ್ಳೆ ಊಟಾನೇ ಬಡಿಸಿದ್ದೆ. ಅದನ್ನೂ ಮುಟ್ಟಿಲ್ಲ."

"ಹಸಿವಿರ್ಲಿಲ್ವೇನೋ."

"ತಿನ್ನೋ ಸ್ಥಿತೀಲಿ ಯಾರೂ ಉಳಿದಿಲ್ಲ ಅಕ್ಕ."

ಅಕ್ಕನ ನಗು ಅಲ್ಲೇ ನಿಂತಿತು. ಕಿಟಕಿಯಾಚೆ ಕೊಳವನ್ನು ನೋಡಿದಳು. ಕಪ್ಪೆ ಕೂಗಿ ಎಷ್ಟು ದಿನವಾಯಿತೆಂದು ನೆನಪಾಗಲಿಲ್ಲ.

"ಇವತ್ತೇ ನಿಲ್ಲಿಸ್ತೀನಿ. ಎಷ್ಟು ದಿನಕ್ಕೆ ಸರಿಹೋಗತ್ತೆ?"

"ಗೊತ್ತಿಲ್ಲ. ನಾನು ನೋಡಿದ್ದು ಇಪ್ಪತ್ತೆಂಟು ದಿನ ಮಾತ್ರ."

"ಡ್ರಮ್ಮಿನಲ್ಲಿ ಉಳಿದಿರೋ ದ್ರಾವಣ ಎಲ್ಲಿ ಸುರೀಲಿ?"

"ಎಲ್ಲೂ ಸುರಿಯೋ ಹಾಗಿಲ್ಲ."

ಅಕ್ಕ ಹಳೆಯ ಹೊದಿಕೆಯೊಂದನ್ನು ಪೈಪಿನ ಬಾಯಿಗೆ ತುರುಕಿದಳು. ಆಮೇಲೆ, ತನ್ನನ್ನು ಹೊಗಳಿದ್ದ ಮನೆಗಳ ಬಾಗಿಲನ್ನೇ ಒಂದೊಂದಾಗಿ ತಟ್ಟುತ್ತ ಹೋದಳು. "ಬಾವಿ ನೀರು ಕುಡೀಬೇಡಿ. ಕೊಳ ಚೊಕ್ಕಟ ಆಗಿಲ್ಲ, ಸತ್ತಿದೆ." ಅದಕ್ಕಿಂತ ಹೆಚ್ಚು ಹೇಳಲು ಅವಳ ಬಳಿ ಏನೂ ಇರಲಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಮೋರಿಗೆ ಬಿಡುವ ಯಾವುದನ್ನೇ ಆಗಲಿ ಕೊಳ್ಳುವ ಮೊದಲು ಕೇಳಿ: ಇದು ನೀರಿನಲ್ಲಿ ಬೇಗ ಕೊಳೆತು ಹೋಗುತ್ತದೆಯೇ, ಪರೀಕ್ಷೆಯಾಗಿದೆಯೇ? ಗೊತ್ತಿಲ್ಲ ಎಂದರೆ ಬೇಡವೆನ್ನಿ. ನೊರೆಯನ್ನು ನಂಬಬೇಡಿ, ತಿಳಿನೀರನ್ನೂ ನಂಬಬೇಡಿ. ನಿಮ್ಮ ಕೊಳದಲ್ಲಿ ಬಿದ್ದ ಎಲೆ ಇಂದಿಗೂ ಕೊಳೆಯುತ್ತಿದ್ದರೆ ಮೂಗು ಮುರಿಯಬೇಡಿ. ಅಲ್ಲಿ ಇನ್ನೂ ಯಾರೋ ಉಣ್ಣುತ್ತಿದ್ದಾರೆ.