ಮಾತಾಡಿಸಲು ಬಂದವರು

ನನ್ನ ತಮ್ಮ ದುರುಗೇಶ ರೊಟ್ಟಿ ಮುರಿಯುವಾಗಲೂ ಟ್ರ್ಯಾಕ್ಟರಿನ ಮಾತೇ ಆಡುವವನು. ವಳಕಮದಿನ್ನಿಯಲ್ಲಿ ಕಾಲುವೆಗೆ ನೀರು ಬಂತೆಂದರೆ ಭತ್ತದ ಗದ್ದೆಗಳನ್ನು ಕೆಸರು ಮಾಡಲು ಎಲ್ಲರಿಗೂ ಅವನೇ ಬೇಕು. ಹೆಂಡತಿ ಗಾಯತ್ರಿ "ಉಂಡು ಹೋಗ್ರಿ" ಎನ್ನುವಷ್ಟರಲ್ಲಿ ಗಾಡಿ ಓಣಿ ದಾಟಿರುತ್ತಿತ್ತು. "ಅವನ ಸಂಸಾರ ಆ ಗಾಡಿ ಕೂಡ ಅದ, ನಿನ್ ಕೂಡ ಅಲ್ಲಬೇ" ಎಂದು ನಮ್ಮವ್ವ ಮುದುಕಮ್ಮ ಸೊಸೆಯನ್ನು ಕಾಡಿಸುತ್ತಿದ್ದಳು.

ಅಂಥವನಿಗೆ ಹೋದ ಬೇಸಿಗೆಯಲ್ಲಿ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು. ಸಿಂಧನೂರಿನ ದವಾಖಾನೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, ಬಿಪಿ ಗುಳಿಗೆ ಒಂದು ದಿನವೂ ತಪ್ಪಬಾರದು, ಕೈಕಾಲಿಗೆ ದಿನಾ ಕಸರತ್ತು ಮಾಡಿಸಬೇಕು, ಮೊದಲ ಕೆಲವು ತಿಂಗಳೇ ಮುಖ್ಯ ಎಂದರು.

"ಕಾಲುವಿಗೆ ನೀರು ಬಿಡೋದ್ರಾಗ ಸ್ಟೇರಿಂಗ್ ಹಿಡೀತೀನೇನ್ರಿ?" ತಮ್ಮ ತೊದಲಿದ.

"ಬಿಡದೆ ಮಾಡಿದರೆ ಹಿಡಿಯಬಹುದು" ಎಂದರು ಅವರು. ತಮ್ಮನಿಗೆ ಬೇಕಾಗಿದ್ದುದು ಅದೊಂದೇ. ನಾನು ಮಸ್ಕಿಯ ನನ್ನ ಮನೆಯಲ್ಲಿ ಗಂಡನಿಗೆ ಅಡುಗೆ ಮಾಡಿಕೊಳ್ಳಲು ಹೇಳಿ ತವರಿಗೆ ಬಂದು ನಿಂತೆ.

ಅವ್ವ ಅವನ ಮಂಚವನ್ನು ಪಡಸಾಲೆಯಲ್ಲಿ, ತಲೆಬಾಗಿಲಿಗೆ ಎದುರಾಗಿ ಹಾಕಿಸಿದಳು. ಒಳಕೋಣೆಯಲ್ಲಿ ಇರಲಿ ಎಂದೆ.

"ಅವನೇನು ಬಾಣಂತೇನು ಒಳಗ ಮಲಗಾಕ? ಮಾತಾಡ್ಸಾಕ ಮಂದಿ ಬರ್ತಾರ" ಎಂದಳು.

ಬಂದರು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಊರಿಗೆ ಊರೇ ಮಾತಾಡಿಸಲು ಬರುತ್ತದೆ. ಬರದವರ ಹೆಸರು ಮೊಮ್ಮಕ್ಕಳಿಗೂ ನೆನಪಿರುತ್ತದೆ. ಹೊಲಕ್ಕೆ ಹೋಗುವವರು ಮುಂಜಾನೆ, ಹೊಲದಿಂದ ಬಂದವರು ಸಂಜೆ, ನಡುವೆ ದಢೇಸುಗೂರಿನ ಬೀಗರು. ಕೈಯಲ್ಲಿ ಬಿಸ್ಕತ್ತು, ಇಲ್ಲವೇ ಬಾಳೆಹಣ್ಣು. ಅವರಿಗಾಗಿ ಹಾಸಿದ ಜಮಖಾನೆಯನ್ನು ಮಡಚುವಂತೆಯೇ ಇರಲಿಲ್ಲ. ಎಲ್ಲರೂ ಕೇಳುವುದು ಒಂದೇ: "ಹೆಂಗಾತು?" ತಮ್ಮ ಸೊಟ್ಟ ಬಾಯಲ್ಲಿ ಹೇಳಿದ್ದು ಅವರಿಗೆ ತಿಳಿಯದು, ಗಾಯತ್ರಿ ಮೊದಲಿನಿಂದ ಹೇಳಬೇಕು. "ಹುಲಿಯಂಗಿದ್ದ, ಹೆಂಗಾಗಿ ಹೋದ ನೋಡು" ಎಂದು ಲೊಚಗುಟ್ಟುವರು, ಅವನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಆಮೇಲೆ ಇದೇ ಬೇನೆಯಲ್ಲಿ ಸತ್ತವರ ಸುದ್ದಿ. ಆಮೇಲೆ ಚಹಾ. ಗಾಯತ್ರಿ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ.

ಒಂದು ನಸುಕಿನಲ್ಲಿ, ಯಾರೂ ಬರುವ ಮೊದಲು, ಹಳೆ ಸೀರೆಯಿಂದ ಕಟ್ಟಿದ ಬಟ್ಟೆಯ ಚೆಂಡನ್ನು ಅವನ ಬಲಗೈಯಲ್ಲಿಟ್ಟು "ಹಿಡಿಯೋ" ಎಂದೆ. ಬಹಳ ಹೊತ್ತಿನ ಮೇಲೆ ಹೆಬ್ಬೆರಳು ಅಲುಗಿತು.

"ಅಕ್ಕಾ, ಅಳ್ಳಾಡ್ತು" ಎಂದು ನಕ್ಕ. ಬೇನೆ ಬಂದ ಮೇಲೆ ಅದೇ ಮೊದಲ ನಗು. ನನಗೂ ಅಳು ನಗು ಎರಡೂ ಬಂದವು.

ಅಷ್ಟರಲ್ಲಿ ಎದುರು ಮನೆಯ ಪಂಪಮ್ಮ, ಅವಳ ಮಗ ನಿಂಗರಾಜ, ಹಿಂದೆ ಇನ್ನಾರೋ ಇಬ್ಬರು ಒಳಗೆ ಬಂದರು. "ಪಾಪ, ಯಾಕ ದಣಿಸ್ತೀರಿ? ಮಲಗಲಿ ಬಿಡ್ರಿ" ಎಂದಳು ಪಂಪಮ್ಮ. ತಮ್ಮ ಎಡಗೈಯಿಂದ ಬಲಗೈಯನ್ನು ಎಳೆದು ಚಾದರದೊಳಗೆ ಸೇರಿಸಿಕೊಂಡ. ಚೆಂಡು ಮಂಚದ ಕೆಳಗೆ ಉರುಳಿಹೋಯಿತು.

ಅಂದಿನಿಂದ ಕಸರತ್ತು ಎಂದರೆ ಮುಖ ತಿರುಗಿಸುತ್ತಿದ್ದ.

"ಯಾಕಲೇ? ಬೆರಳು ಅಳ್ಳಾಡಿತ್ತಲ್ಲ."

"ಎತ್ತಾಕ ಹೋಗಿ ಕೈ ಬಿತ್ತಂದ್ರ ಎಲ್ಲಾರೂ ನೋಡ್ತಾರಕ್ಕ. ಈ ಊರ ಗದ್ದ್ಯಾಗ ಸಿಕ್ಕ ಗಾಡಿ ಎಲ್ಲಾ ಎಳದು ತಗದವ ನಾ." ಅವನ ಕಣ್ಣು ತುಂಬಿ ಬಂತು.

ಅವ್ವ ಗದರಿದಳು: "ಗಂಡಸಾಗಿ ಅಳ್ತಿಯೇನಲೇ? ಯಾರರ ಬಂದಾರು, ಕಣ್ಣೊರಸಿಕೋ."

ನನಗೆ ಬೇನೆ ಬಂದರೆ ನೆರೆಮನೆಯವಳ ಮುಂದೆ ಅತ್ತು ಹಗುರಾಗುತ್ತೇನೆ. ಗಂಡಸು ಎಲ್ಲಿ ಅಳಬೇಕು? ಇದನ್ನು ಓದುವವರು ಹೇಳಿ. ಅವನನ್ನು ಊರ ಮುಂದೆ ಮಲಗಿಸುತ್ತೇವೆ, ಮೇಲೆ ಕಣ್ಣೊರಸಿಕೋ ಎನ್ನುತ್ತೇವೆ. ನನಗೆ ತಡೆಯಲಾಗಲಿಲ್ಲ.

"ಯವ್ವಾ, ಬಾಗ್ಲಾ ಹಾಕು. ಬಂದವರಿಗೆ ಅಂವ ಎದ್ದು ಓಡಾಡಿದ ಮ್ಯಾಲ ಬರ್ರಿ ಅನ್ನು."

"ನಿಮ್ಮಪ್ಪ ಬಿದ್ದಾಗ ಇದ ಮಂದಿ ಬಂದು ಕುಂತಿತ್ತು. ಈಗ ಬಾಗ್ಲಾ ಹಾಕಿದ್ರ ನಾಳಿ ಹೆಣ ಹೊರಾಕ ಯಾರು ಬರ್ತಾರ?"

"ಹೆಣ ಹೊರೋರ ಚಿಂತಿ ನಿನಗ. ಜೀವಂತ ಇದ್ದಾನಲ್ಲಬೇ, ಅವನ ಚಿಂತಿ ಯಾರಿಗೆ?"

"ನೀ ಮಸ್ಕ್ಯಾಕಿ. ಇವತ್ತು ಇರ್ತಿ, ನಾಳಿ ಹೋಗ್ತಿ. ಈ ಊರಾಗ ಬಾಳಬೇಕಾದವರು ನಾವು."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಅತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡರೆಂದು ಫೋನು ಬಂತು. ನಾನು ಮಸ್ಕಿಗೆ ಹೋಗಲೇಬೇಕಾಯಿತು.

ನಾನಿಲ್ಲದಾಗ ಪಂಪಮ್ಮ ಹೊಸ ಮಾತು ತಂದಳಂತೆ. ಅವಳ ತವರಿನಲ್ಲಿ ಒಬ್ಬನಿಗೆ ಹೀಗೇ ಆಗಿತ್ತು, ಗುಳಿಗೆ ಬಿಟ್ಟು ಎಣ್ಣೆ ತಿಕ್ಕಿಸಿಕೊಂಡ ಮೇಲೆ ಎದ್ದು ಕುಂತ ಎಂದು. "ಆ ಗುಳಿಗಿ ಉಷ್ಣ, ಅದಕ್ಕ ಹಿಂಗ ಒಣಗ್ಯಾನ" ಎಂದು ಕುಂತವರೆಲ್ಲ ತಲೆ ಆಡಿಸಿದರು. ಗಾಯತ್ರಿ ಬೇಡ ಎಂದಳು. "ಹಡದಾಕಿ ನಾನೋ ನೀನೋ?" ಎಂದು ಅವ್ವ ಸೊಸೆಯ ಬಾಯಿ ಮುಚ್ಚಿಸಿ ಗುಳಿಗೆ ನಿಲ್ಲಿಸಿದಳು.

ಕಾಲುವೆಗೆ ನೀರು ಬಂತು. ಓಣಿಯಲ್ಲಿ ಬೇರೆಯವರ ಟ್ರ್ಯಾಕ್ಟರುಗಳು ಗದ್ದೆಗೆ ಹೊರಟವು. ತಮ್ಮ ಆ ಸದ್ದು ಕೇಳುತ್ತ ಗೋಡೆಯ ಕಡೆ ತಿರುಗಿ ಮಲಗಿದ್ದನಂತೆ. ಅದೇ ವಾರ ಎರಡನೇ ಸಲ ಲಕ್ವ ಹೊಡೆಯಿತು. ಸಿಂಧನೂರು ಮುಟ್ಟಲಿಲ್ಲ.

ಹೆಣ ಹೊರಲು ಎಲ್ಲರೂ ಬಂದರು. ಪಡಸಾಲೆಯಲ್ಲಿ ಅದೇ ಜಮಖಾನೆ, ಅದೇ ಮಂದಿ. "ಸಾಯೋತನಕ ಬಿಡದ ಬಂದು ಮಾತಾಡ್ಸಿದ್ವಿ" ಎಂದು ಒಬ್ಬ ಹೇಳುತ್ತಿದ್ದ. ಅವ್ವ ಹಾಗೆಂದವನ ಮುಖವನ್ನೇ ನೋಡುತ್ತ ಕುಳಿತಿದ್ದಳು.

ದೀಪಾವಳಿ ಕಳೆದ ಮೇಲೆ ನಾನು ಮತ್ತೆ ಊರಿಗೆ ಹೋದಾಗ ಪಂಪಮ್ಮನ ಮಗ ನಿಂಗರಾಜನಿಗೂ ಲಕ್ವ ಹೊಡೆದಿತ್ತು. ದವಾಖಾನೆಯಿಂದ ಕರೆತಂದು ಪಡಸಾಲೆಯಲ್ಲಿ ಮಲಗಿಸಿದ್ದರು. ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಮತ್ತ ಹೊಂಟಿಯೇನಬೇ?" ನನಗೆ ಮೈಯೆಲ್ಲ ಉರಿಯಿತು. ಅವಳು ಹೊಸ್ತಿಲು ದಾಟಿದಳು. ನಾನೂ ಗಾಯತ್ರಿಯೂ ಹಿಂದೆಯೇ ಹೋದೆವು.

ಪಂಪಮ್ಮನ ಮನೆ ತುಂಬಿತ್ತು. "ಹೆಂಗಾತು?" ಎಂದು ಯಾರೋ ಕೇಳುತ್ತಿದ್ದರು. ಅವ್ವ ಮಂಚದ ಪಕ್ಕ ಹೋಗಿ ನಿಂತಳು.

"ನನ್ನ ಮಗನ ಹೆಣ ಹೊರಾಕ ಎಲ್ಲಾರೂ ಬಂದಿದ್ರಿ. ಒಬ್ರೂ ತಪ್ಪಿಲ್ಲ, ನಾ ನೋಡೀನಿ. ಇವನಿಗೂ ಬರ್ತೀರಿ, ಗೊತ್ತದ ನನಗ. ಅದಕ್ಕ ಈಗ ಎದ್ದು ಹೋಗ್ರಿ. ಇಂವ ಇನ್ನ ಬದುಕ್ಯಾನ."

ಯಾರೂ ಅಲುಗಲಿಲ್ಲ. ಗಾಯತ್ರಿ ಹೋಗಿ ಜಮಖಾನೆಯ ತುದಿ ಹಿಡಿದು ಮಡಚತೊಡಗಿದಳು. ಒಬ್ಬೊಬ್ಬರೇ ಗೊಣಗುತ್ತ ಎದ್ದರು.

"ಮಂದಿ ಏನಂದಾರು ಮುದುಕಮ್ಮಾ?" ಎಂದಳು ಪಂಪಮ್ಮ.

"ನನ್ನ ಹೆಸರು ಹೇಳು. ಗುಳಿಗಿ ಎಲ್ಲಿ ಅದಾವ, ತಗೊಂಬಾ."

ನಾನು ತಲೆಬಾಗಿಲು ಹಾಕಿದೆ. ಅವ್ವ ಸೊಂಟದ ಗಂಟಿನಿಂದ ನಾನು ಕಟ್ಟಿದ್ದ ಆ ಬಟ್ಟೆಯ ಚೆಂಡನ್ನು ತೆಗೆದು ನಿಂಗರಾಜನ ಸತ್ತ ಕೈಯಲ್ಲಿಟ್ಟಳು. "ಹಿಡಿಯಪ್ಪಾ. ಯಾರೂ ನೋಡಾಕತ್ತಿಲ್ಲ."

ಅವನು ಹಿಡಿಯಲು ನೋಡಿದ, ಆಗಲಿಲ್ಲ. ಅಳತೊಡಗಿದ. ಅವ್ವ ಮಂಚದ ಅಂಚಿನಲ್ಲಿ ಕುಳಿತಳು. ಕಣ್ಣೊರಸಿಕೋ ಎನ್ನಲಿಲ್ಲ.