ಪರದೆಯ ಆಚೆಯ ಜಗಲಿ

ನಮ್ಮ ಹುಣಸೂರಿನ ಹಳೆಯ ಮದುವೆಗಳೆಲ್ಲ ಸ್ಕಾಟ್‌ಲೆಂಡಿನಲ್ಲಿ ನಡೆದವು. ನಂಬದಿದ್ದರೆ ಮನೆಮನೆಯ ಗೋಡೆ ನೋಡಿ. ಪೇಟ ಸುತ್ತಿದ ಗಂಡು, ತಲೆ ತಗ್ಗಿಸಿದ ಹೆಣ್ಣು. ಹಿಂದೆ ಕಲ್ಲಿನ ಕಮಾನು ಸೇತುವೆ, ಚೂಪು ಗೋಪುರದ ಚರ್ಚು, ಗುಡ್ಡದ ಮೇಲೆ ಮೈತುಂಬ ಉಣ್ಣೆ ಹೊತ್ತ ಕುರಿಗಳು. ಫೋಟೋಗ್ರಾಫರ್ ಫಕ್ರುದ್ದೀನ್ ಸಾಹೇಬರು, ಕಾಫಿ ತೋಟದ ದೊರೆಯೊಬ್ಬ ಬಿಟ್ಟುಹೋದ ಬಿಸ್ಕತ್ತು ಡಬ್ಬಿಯ ಮುಚ್ಚಳದ ಮೇಲಿನ ಸ್ಕಾಟ್‌ಲೆಂಡಿನ ಚಿತ್ರ ನೋಡಿ ಬರೆಸಿದ ಪರದೆ ಅದು. ಊರಿಗೆ ಊರೇ ಅದರ ಮುಂದೆ ನಿಂತು ಸಂಸಾರಕ್ಕೆ ಕಾಲಿಟ್ಟಿತು.

ಇದರಿಂದ ತೊಂದರೆಯಾದದ್ದು ನಿವೃತ್ತ ಚರಿತ್ರೆ ಮೇಷ್ಟ್ರು ಶಿವನಂಜಪ್ಪನವರಿಗೆ. ಎರಡು ಸಾವಿರದ ಮೂರರಲ್ಲಿ ಮೈಸೂರಿನ ಹಳೆ ಪುಸ್ತಕದಂಗಡಿಯೊಂದರಲ್ಲಿ ಅವರಿಗೆ ಸ್ಕಾಟ್‌ಲೆಂಡಿನ ಪುಟ್ಟ ಊರೊಂದರ ಹಳೆಯ ಫೋಟೋಗಳ ಪುಸ್ತಕ ಸಿಕ್ಕಿತು. ಪುಟಕ್ಕೊಂದು ಬೀದಿ. ಬಾಗಿಲಲ್ಲಿ ನಿಂತವಳು ರೊಟ್ಟಿ ಅಂಗಡಿಯವನ ತಾಯಿ ಎಂದು ಕೆಳಗೆ ವಿವರ. ನಾಯಿಗೂ ಹೆಸರು ಕೊಟ್ಟಿದ್ದರು.

ಹಳೆಯ ಹುಣಸೂರಿಗೂ ಅಂಥದೊಂದು ಪುಸ್ತಕ ಮಾಡುತ್ತೇನೆ ಎಂದು ಮೇಷ್ಟ್ರು ಸಾರಿದರು. ಊರು ಮೆಚ್ಚಿತು. ಆದರೆ ಅವರಿಗೆ ಬೇಕಾಗಿದ್ದದ್ದು ಒಂದೇ ಫೋಟೋ. ರಸ್ತೆ ಅಗಲ ಮಾಡಿದಾಗ ಹೋದ ತಮ್ಮ ಮನೆ, ಅದರ ಜಗಲಿ, ಅಲ್ಲಿ ಅಮ್ಮ ಚಿಕ್ಕಬಸಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು ಶುಭಕಾರ್ಯದ ಫೋಟೋಗಳಲ್ಲಿ ನಿಲ್ಲುತ್ತಿರಲಿಲ್ಲ. ಮಗನ ಮದುವೆಯ ದಿನವೂ "ನೀವು ನಿಂತ್ಕಳಿ, ಒಲೆ ಮ್ಯಾಲೆ ಪಾಯ್ಸ ಐತೆ" ಎಂದು ಒಳಗೆ ಹೋದಳು. ಈಗೀಗ ನೆನೆಸಿಕೊಂಡರೆ ಮೇಷ್ಟ್ರಿಗೆ ಅಮ್ಮನ ಧ್ವನಿ ಬರುತ್ತಿತ್ತು, ಸೀರೆಯ ಅಂಚು ಬರುತ್ತಿತ್ತು. ಮುಖ ಬರುತ್ತಿರಲಿಲ್ಲ.

ಹಳೆಯ ಫೋಟೋ ಹುಡುಕುತ್ತ ಮೇಷ್ಟ್ರು ಗಾವಡಗೆರೆಯ ಮಂಚಯ್ಯನ ಮನೆಗೂ ಹೋದರು.

"ಅಳೇ ಉಣಸೂರಾ? ನಮ್ಮನೇಲಿ ಬರೀ ಪಾರಿನ್ ಐತೆ ಕಣ್ರೀ ಮೇಷ್ಟ್ರೇ," ಎಂದು ಮಂಚಯ್ಯ ಗೋಡೆಯ ಮೇಲಿನ ಮದುವೆ ಫೋಟೋ ತೋರಿಸಿದ.

"ಈ ಮೂತಿಗೆ ಪಾರಿನ್ ಬೇರೆ ಕೇಡು," ಎಂದಳು ಹೆಂಡತಿ ತಿಮ್ಮಮ್ಮ. "ಗುರುಪುರದ ಟಿಬೆಟ್ನೋರ ಗುಡಿ ತೋರ್ಸು ಅಂದ್ರೆ ಇವತ್ಗೂ ತೋರ್ಸಿಲ್ಲ. ಆ ಸೇತ್ವೆ ಮುಂದೆ ನಿಂತಿದ್ದೇ ಬಂತು ಬುಡಿ."

ಹತ್ತಾರು ಮನೆ ಅಲೆದ ಮೇಲೆ ಮೇಷ್ಟ್ರು ಫಕ್ರುದ್ದೀನ್ ಸಾಹೇಬರ ಹೆಂಡತಿ ಅಜೀಜುನ್ನೀಸಾ ಬಳಿ ಬಂದರು. ಸಾಹೇಬರು ಹೋಗಿ ಬಹಳ ಕಾಲವಾಗಿತ್ತು. ಗಾಜಿನ ನೆಗೆಟಿವ್‌ಗಳು ಅಕ್ಕಿ ಡ್ರಮ್ಮಿನ ಹಿಂದೆ, ಮರದ ಪೆಟ್ಟಿಗೆಯಲ್ಲಿದ್ದವು.

"ಇದರಲ್ಲೂ ಅದೇ ಸೇತುವೆ ಇರುತ್ತಲ್ಲಮ್ಮ," ಎಂದರು ಮೇಷ್ಟ್ರು, ಸೋತ ದನಿಯಲ್ಲಿ.

"ಪೂರ್ತಿ ಎಲ್ಲಿ ಇರ್ತದೆ ಮೇಷ್ಟ್ರೇ? ಪರದೆ ಸಾಲ್ತಾನೇ ಇರ್ಲಿಲ್ಲ."

ಬೆಳಕಿಗಾಗಿ ಸಾಹೇಬರು ಅಂಗಳದಲ್ಲೇ ಫೋಟೋ ತೆಗೆಯುತ್ತಿದ್ದರು. ಬೀದಿಯ ಅಂಚಿಗೆ ಎರಡು ಬಿದಿರು ನೆಟ್ಟು ಪರದೆ ಕಟ್ಟುತ್ತಿದ್ದರು. ಅದರ ಅಗಲ ಕಡಿಮೆ. ಎರಡೂ ಪಕ್ಕದಲ್ಲಿ ಬೀದಿ ಇಣುಕುತ್ತಿತ್ತು. ಪ್ರಿಂಟು ಹಾಕುವಾಗ ಸಾಹೇಬರು ಹುಣಸೂರನ್ನು ಕತ್ತರಿಸಿ ಎಸೆದು ಸ್ಕಾಟ್‌ಲೆಂಡನ್ನು ಉಳಿಸಿಕೊಳ್ಳುತ್ತಿದ್ದರು. ಬೀದಿಯ ಆಚೆ ಬದಿಗೆ, ಎದುರಿಗೇ ಇತ್ತು ಮೇಷ್ಟ್ರ ಹಳೆಯ ಮನೆ.

ಆಕೆ ಹುಡುಕಿ ಕೊಟ್ಟ ಗಾಜನ್ನು ಮೇಷ್ಟ್ರು ಕಿಟಕಿಗೆ ಹಿಡಿದರು. ಅವರದೇ ಮದುವೆ. ಕರಿ ಕೋಟು ಬೆಳ್ಳಗಾಗಿತ್ತು, ಹಲ್ಲು ಕಪ್ಪಾಗಿತ್ತು. ಎಡಕ್ಕೆ ದೀಪದ ಕಂಬ, ಅರ್ಧ ಎತ್ತಿನಗಾಡಿ. ಬಲಕ್ಕೆ ಜಗಲಿ. ಜಗಲಿಯ ಕಂಬದ ಮೇಲೆ ಒಂದು ಕೈ. ಕೈಯ ಕೆಳಗೆ ಸೀರೆಯ ನಿರಿಗೆ, ಬರಿಗಾಲು. ಅಲ್ಲಿಗೆ ಪರದೆ ಶುರುವಾಗಿ, ಮುಖವಿರಬೇಕಾದ ಕಡೆ ಒಂದು ಕುರಿ ಮೇಯುತ್ತಿತ್ತು.

"ಒಲೆ ಮೇಲೆ ಪಾಯಸ ಇದೆ ಅಂದಿದ್ದಳು," ಎಂದರು ಮೇಷ್ಟ್ರು.

"ಎಲ್ಲೀ ಪಾಯಸ! ನಾನು ಆಗ ಹೊಸಾ ಸೊಸೆ, ಮಹಡಿ ಕಿಟಕೀಲಿ ಕದ್ದು ನೋಡ್ತಿದ್ದೆ. ಇವರು ಕ್ಯಾಮರಾ ಕರಿಬಟ್ಟೆ ಒಳಗೆ ತಲೆ ಹಾಕಿದ್ದೇ ತಡ, ನಿಮ್ಮಮ್ಮ ಓಡಿ ಬಂದು ಕಂಬ ಹಿಡ್ಕೊಂಡ್ರು. ಅವರಿಗೇನು ಕಾಣ್ತಿತ್ತು? ಪರದೆ ಬೆನ್ನು ಅಷ್ಟೇ. ಆದ್ರೂ ಉಸಿರು ಬಿಗಿ ಹಿಡಿದು ನಿಂತ್ರು, ತಮ್ಮ ಫೋಟೋನೇ ತೆಗೀತಿರೋ ಹಾಗೆ."

ಮೇಷ್ಟ್ರು ಗಾಜನ್ನು ವಾರೆ ಮಾಡಿ ನೋಡಿದರು, ಪರದೆ ಸರಿದೀತೇನೋ ಎಂಬಂತೆ.

"ಮುಖ ಹೇಗಿತ್ತಮ್ಮ?"

"ಮುಖಾನ ಬಾಯಲ್ಲಿ ಹೇಗೆ ಹೇಳೋದು?"

ಆಕೆ ಮೊಣಕಾಲು ಹಿಡಿದುಕೊಂಡು ಎದ್ದರು. ಬಾಗಿಲಿಗೆ ಹೋಗಿ ಚೌಕಟ್ಟಿನ ಮೇಲೆ ಕೈಯಿಟ್ಟರು. ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಗದ್ದವನ್ನು ಕೊಂಚ ಮೇಲೆತ್ತಿ, ತುಟಿ ಬಿಗಿದು, ನಗು ಬಂದರೂ ನಗಬಾರದು ಎಂಬಂತೆ ನಿಂತರು.

"ಹಿಂಗೆ," ಎಂದರು.

ಪಿರಿಯಾಪಟ್ಟಣದ ಬಸ್ಸು ಹಾರನ್ ಬಾರಿಸುತ್ತ ಬಾಗಿಲ ಮುಂದೆಯೇ ಹಾದುಹೋಯಿತು. ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು.

"ಅಲುಗಬೇಡಿ," ಎಂದರು. "ಇನ್ನೊಂದು ಗಳಿಗೆ ಹಾಗೇ ಇರಿ."

ಆಕೆ ಉಸಿರು ಹಿಡಿದು, ಹಾಗೇ ನಿಂತಿದ್ದರು.