ಕಮಾನಿನ ಮೇಲಿನ ಸೇಬುಗಳು

ಅಲ್ಮಾಟಿಯಲ್ಲಿ ಟ್ರಾಮ್‌ಗಳು ಓಡುತ್ತಿದ್ದಷ್ಟು ಕಾಲ ಬಾತಿಮಾ ಟ್ರಾಮ್ ಓಡಿಸಿದಳು. ಟ್ರಾಮ್ ನಿಂತುಹೋದರೂ ಅವಳ ದನಿ ನಿಲ್ಲಲಿಲ್ಲ. ಅಂಗಳದ ಈ ತುದಿಯಲ್ಲಿ ಅವಳು ಬೆಕ್ಕಿಗೆ ಬೈದರೆ ಆ ತುದಿಯಲ್ಲಿ ಮಲಗಿದ್ದವರು ಎದ್ದು ಕೂರುತ್ತಿದ್ದರು. ನಾನು ಅದೇ ಅಂಗಳದ ನೆಲಮಹಡಿಯವನು, ಹೆಚ್ಚುಕಡಿಮೆ ಅವಳದೇ ವಯಸ್ಸಿನವನು. ನಡೆದದ್ದನ್ನೆಲ್ಲ ಹತ್ತಿರದಿಂದ ಕಂಡಿದ್ದೇನೆ.

ನಮ್ಮವು ಎದುರುಬದುರು ನಿಂತ ಮೂರಂತಸ್ತಿನ ಎರಡು ಕಟ್ಟಡಗಳು. ಅವೆರಡನ್ನೂ ಕೂಡಿಸುವಂತೆ ಬೀದಿಯ ಕಡೆಗೆ ಒಂದು ಕಮಾನು. ಕಮಾನಿನ ಮೇಲೆ ಗಾರೆಯಲ್ಲಿ ಮೂಡಿಸಿದ ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಬಳ್ಳಿ, ಬಳ್ಳಿಯ ತುಂಬ ಸೇಬುಗಳು. ಅದನ್ನು ಮಾಡಿದವನು ಇರ್ಮಾಳ ಅಪ್ಪ. ಯುದ್ಧದ ಕಾಲದಲ್ಲಿ ವೋಲ್ಗಾ ತೀರದ ಜರ್ಮನರನ್ನೆಲ್ಲ ರೈಲಿಗೆ ತುಂಬಿ ನಮ್ಮ ಕಡೆ ಅಟ್ಟಿದಾಗ ಬಂದ ಗಾರೆ ಕೆಲಸದವನು. ಅವನು ಕಮಾನಿನ ಕೆಲಸ ಮಾಡುವಾಗ ಇರ್ಮಾ, ಬಾತಿಮಾ ಇಬ್ಬರೂ ಪುಟ್ಟ ಹುಡುಗಿಯರು. ಬೀದಿಬದಿಯ ಕಾಲುವೆಯಿಂದ ಅವನ ಗಾರೆಗೆ ನೀರು ಹೊತ್ತು ಕೊಟ್ಟವರು ಅವರೇ. ಅವನು ಒಂದೊಂದು ಸೇಬನ್ನೂ ಕೈಯಲ್ಲೇ ತಿದ್ದಿದ್ದ. ಕೆಲಸ ಮುಗಿದ ಮೇಲೆ ಎರಡರಲ್ಲಿ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಅವನಿಗೊಂದು ಮನೆ ಸಿಕ್ಕಿತು. ಅದರ ಕೆಳಗಿನದು ಬಾತಿಮಾಳ ಅಪ್ಪ ಅಮ್ಮನಿಗೆ. ಗೆಳತಿಯರಿಬ್ಬರೂ ಮದುವೆಯಾದದ್ದು, ಮಕ್ಕಳನ್ನು ಹೆತ್ತದ್ದು, ಗಂಡಂದಿರನ್ನು ಮಣ್ಣು ಮಾಡಿದ್ದು ಎಲ್ಲ ಆ ಒಂದೇ ಮೆಟ್ಟಿಲ ಸಾಲಿನಲ್ಲಿ.

ಎರಡೂ ಕಟ್ಟಡ ಕೆಡವಿ ಗಾಜಿನ ಗೋಪುರ ಎಬ್ಬಿಸುತ್ತೇವೆಂದು ಒಂದು ಕಂಪನಿ ಬಂದಾಗ ಮೊದಲು ಎದೆಗೊಟ್ಟು ನಿಂತವಳು ಬಾತಿಮಾ. ದಾರಿ ತೋರಿಸಿದವನು ಎದುರು ಕಟ್ಟಡದ ಸಂಜರ್, ವಾಸ್ತುಶಿಲ್ಪ ಓದಿದ, ಬಾತಿಮಾಳನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎನ್ನುತ್ತಿದ್ದ ಮೆಲುದನಿಯ ಯುವಕ.

"ನಮ್ಮ ಕಟ್ಟಡಗಳನ್ನ ಸ್ಥಳೀಯ ಸ್ಮಾರಕಗಳ ಪಟ್ಟಿಗೆ ಸೇರಿಸಿ ಅಂತ ನಗರಾಡಳಿತಕ್ಕೆ ಅರ್ಜಿ ಹಾಕೋಣ ಆಪಾ. ಪಟ್ಟಿಗೆ ಸೇರಿದ್ರೆ ಯಾರೂ ಮುಟ್ಟೋ ಹಾಗಿಲ್ಲ."

"ನಾನೂ ಹಳೇ ಕಾಲದವಳೇ. ಜೊತೇಲಿ ನನ್ನನ್ನೂ ಸೇರಿಸಪ್ಪಾ."

ಸಂಜರ್ ನಕ್ಕ. ಆದರೆ ತೊಡಕು ಒಂದಿತ್ತು. ಆ ಕಾಲದಲ್ಲಿ ಅಂಥ ಅಲಂಕಾರಗಳು ಕಾರ್ಖಾನೆಯ ಅಚ್ಚಿನಿಂದಲೂ ಬರುತ್ತಿದ್ದವು. ಅಂಥವು ಊರ ತುಂಬ ಇವೆ. ನಮ್ಮದು ಒಬ್ಬ ಕುಶಲಕರ್ಮಿಯ ಕೈಕೆಲಸ ಎಂದು ತೋರಿಸಿದರೆ ಮಾತ್ರ ಅರ್ಜಿಗೆ ಬಲ. ಅದಕ್ಕೆ ಉಳಿದಿದ್ದ ಆಧಾರ ಇರ್ಮಾಳ ಬಾಯಿಮಾತು. ಅವಳು ತಕ್ಷಣ ಒಪ್ಪಿದಳು. ಅಪ್ಪ ಹೇಗೆ ಕೆಲಸ ಮಾಡುತ್ತಿದ್ದ, ಉಗುರಿನ ಸಂದಿಯಲ್ಲಿ ಗಾರೆ ಹೇಗೆ ಕೂತಿರುತ್ತಿತ್ತು ಎಂದು ಹೇಳುತ್ತ ಕಣ್ಣೊರೆಸಿಕೊಂಡಳು.

ಇರ್ಮಾಳ ಮೊಣಕಾಲುಗಳು ಪೂರ್ತಿ ಕೈಕೊಟ್ಟಿದ್ದವು. ಕೆಳಗಿಳಿದು ವರ್ಷಗಳೇ ಆಗಿದ್ದವು. ದಿನಾ ಸಂಜೆ ಬಾತಿಮಾ ರೊಟ್ಟಿ, ಹಾಲು ಹಿಡಿದು ಹತ್ತಿ ಹೋಗಿ, ಚಹಾ ಕುಡಿಯುತ್ತ ಹೋರಾಟದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನಾಳೆ ಯಾರನ್ನು ಕಾಣುತ್ತೇವೆ, ಯಾವ ತಜ್ಞ ನಮ್ಮ ಪರ ಬರೆದುಕೊಡುತ್ತಾನೆ, ಟೀವಿಯವರು ಯಾವಾಗ ಬರುತ್ತಾರೆ, ಎಲ್ಲ.

ಆದರೆ ಕಂಪನಿಯವರು ನಮಗಿಂತ ಮುಂದೆ ಇರುತ್ತಿದ್ದರು. ನಾವು ತಜ್ಞನ ಬಾಗಿಲು ತಟ್ಟುವ ಮೊದಲೇ ಅವರು ಅವನ ಮನೆಯಲ್ಲಿ ಕೂತು ಎದ್ದಿರುತ್ತಿದ್ದರು. ಟೀವಿಯವರು ಬರುವ ದಿನ ಅಂಗಳದಲ್ಲಿ ಅವರದೇ ಪುಲಾವಿನ ಕಡಾಯಿ, ಅವರದೇ ಹಾಡು. ಒಳಗಿನವರು ಯಾರೋ ಬಾಯಿ ಬಿಡುತ್ತಿದ್ದಾರೆ ಎಂದು ನಮಗೆಲ್ಲ ಅನ್ನಿಸತೊಡಗಿತು.

ಬಾತಿಮಾಳ ಅನುಮಾನ ಸಂಜರ್ ಮೇಲೆ ಹೋಯಿತು. ಅವನು ಹಿಂದೊಮ್ಮೆ ಅಂಥದೇ ಕಂಪನಿಯಲ್ಲಿ ಕೆಲಸ ಮಾಡಿದ್ದ. ನಾವು ಸಭೆ ಸೇರುತ್ತಿದ್ದ ಇರ್ಮಾಳ ಅಡುಗೆಮನೆಯಲ್ಲೇ, ನಮ್ಮೆಲ್ಲರ ಎದುರಿಗೇ ಅವನನ್ನು ಹಿಡಿದಳು.

"ಎಷ್ಟಕ್ಕೆ ಮಾರ್ಕೊಂಡೆ ನಮ್ಮನ್ನ? ನಾಚಿಕೆ ಆಗಲ್ವಾ, ನಮ್ಮನೇಲಿ ಚಹಾ ಕುಡಿದವನೇ!"

ಸಂಜರ್ ಮುಖ ಬಿಳುಚಿತು. "ನೀವು ಹೀಗೆ ಅಂದ್ಕೊಂಡ ಮೇಲೆ ನಾನು ಇಲ್ಲಿರೋದು ಸರಿಯಲ್ಲ ಆಪಾ" ಎಂದು ಎದ್ದು ಹೋದ. ಆಮೇಲೆ ಬರಲೇ ಇಲ್ಲ. ಇರ್ಮಾ ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸಿದಳು.

ನಗರಾಡಳಿತದ ಸಮಿತಿ ಅಹವಾಲು ಕೇಳುವ ದಿನ ನಾಲ್ಕು ಜನ ಸೇರಿ ಇರ್ಮಾಳನ್ನು ಕುರ್ಚಿಯ ಸಮೇತ ಕೆಳಗಿಳಿಸಿದೆವು. ಬಾತಿಮಾ ಅವಳ ತಲೆ ಬಾಚಿ, ತನ್ನದೇ ಉಣ್ಣೆಯ ಶಾಲು ಹೊದಿಸಿದ್ದಳು. "ಹುಷಾರು ಕಣ್ರೋ, ನಮ್ಮ ಸಾಕ್ಷಿ ಬಿದ್ದೋದ್ರೆ ಕಟ್ಟಡಾನೂ ಬಿತ್ತು ಅಂತ್ಲೇ ಲೆಕ್ಕ!" ಎಂದು ದಾರಿಯುದ್ದಕ್ಕೂ ಕೂಗುತ್ತಲೇ ಇದ್ದಳು.

ಸಭಾಂಗಣದಲ್ಲಿ ಸಮಿತಿಯ ಅಧ್ಯಕ್ಷರು ವಿನಯದಿಂದಲೇ ಕೇಳಿದರು. "ಆ ಅಲಂಕಾರ ನಿಮ್ಮ ತಂದೆ ಮಾಡಿದ್ದು ಅಂತ ಅರ್ಜಿಯಲ್ಲಿದೆ. ನೀವೇ ಹೇಳಿ."

ಇರ್ಮಾ ತನ್ನ ಕೈಗಳನ್ನೇ ನೋಡುತ್ತಿದ್ದಳು. "ಅಲ್ಲ" ಎಂದಳು. "ಅದು ನಮ್ಮಪ್ಪನ ಕೈಕೆಲಸ ಅಲ್ಲ. ಕಾರ್ಖಾನೆಯಿಂದ ಅಚ್ಚು ಹೊಯ್ದ ತುಂಡುಗಳು ಬರ್ತಿದ್ವು. ಅವನು ಅಂಟಿಸ್ತಿದ್ದ, ಅಷ್ಟೆ. ಮಕ್ಕಳನ್ನ ಖುಷಿಪಡಿಸೋಕೆ ತಾನೇ ಮಾಡ್ದೆ ಅಂತಿದ್ದ."

ನನ್ನ ಕಿವಿಗೆ ತಪ್ಪಾಗಿ ಕೇಳಿಸಿತೇನೋ ಅನ್ನಿಸಿತು. ಬಾತಿಮಾ ಎದ್ದು ನಿಂತಳು. "ಏ ಇರ್ಮಾ! ನೀರು ಹೊತ್ತವಳು ನಾನು ಇಲ್ಲೇ ಇದೀನಿ ಕಣೇ! ನನ್ನ ಮುಖ ನೋಡಿ ಹೇಳು!"

ಇರ್ಮಾ ತಲೆ ಎತ್ತಲಿಲ್ಲ.

"ಅರ್ಜಿ ಹಾಕಿದವರು ನೀವು. ಮಗಳು ಅವರು. ಯಾರ ಮಾತನ್ನ ನಂಬಲಿ, ನೀವೇ ಹೇಳಿ ಆಪಾ" ಎಂದರು ಅಧ್ಯಕ್ಷರು. ಬಾತಿಮಾ ಕೂತುಬಿಟ್ಟಳು. ಅರ್ಜಿ ಬಿದ್ದುಹೋಯಿತು. ಹೊರಗೆ ಇರ್ಮಾಳ ಮಗಳು ಲೀದಾ ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ನಿಂತಿದ್ದದ್ದು ಕಂಪನಿಯ ಕಾರು.

ಮಾರನೆಯ ದಿನ ಬಾತಿಮಾ ಮೇಲಕ್ಕೆ ಹತ್ತಿದಳು. ಏನು ಮಾಡಿಬಿಡುತ್ತಾಳೋ ಎಂಬ ಹೆದರಿಕೆಯಲ್ಲಿ ನಾನೂ ಹಿಂದೆ ಹೋದೆ. ಅವಳು ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು.

"ಅವರಿಗೆ ಎಲ್ಲಾ ಹೇಳ್ತಿದ್ದವಳು ನೀನೇನಾ?"

"ಹೂಂ."

"ಯಾವಾಗಿಂದ?"

"ಚಳಿಗಾಲದಿಂದ. ಹೊಸ ಬಡಾವಣೇಲಿ ಲಿಫ್ಟ್ ಇರೋ ಮನೆ ಕೊಡ್ತೀವಿ ಅಂದ್ರು. ಲೀದಾ ಮನೆ ಹತ್ರಾನೇ."

"ಆ ಹುಡುಗನ್ನ ನಾನು ನಾಯಿಗೆ ಬೈದ ಹಾಗೆ ಬೈದೆ. ನೀನು ಎದುರಿಗೇ ಕೂತು ಚಹಾ ಬಗ್ಗಿಸ್ತಿದ್ದೆ."

ಇರ್ಮಾ ಕಿಟಕಿಯ ಕಡೆ ತಿರುಗಿದಳು.

"ಹೋಗಲಿ, ನಮ್ಮನ್ನ ಮಾರ್ಕೊಂಡೆ. ನಿಮ್ಮಪ್ಪನ್ನ ಯಾಕೇ ಸುಳ್ಳುಗಾರ ಮಾಡ್ದೆ?"

"ಅಪ್ಪ ಸತ್ತೋಗಿದಾನೆ ಬಾತಿಮಾ. ನಾನಿನ್ನೂ ಸತ್ತಿಲ್ಲ." ಇರ್ಮಾಳ ದನಿ ಈಗ ಏರಿತು. "ಆ ಸೇಬುಗಳನ್ನ ನೀವು ದಿನಾ ಕೆಳಗಿಂದ ನೋಡ್ತೀರಿ. ನನ್ನ ಕಿಟಕಿಗೆ ಅವು ಕಾಣೋದೂ ಇಲ್ಲ. ಹಿತ್ತಲ ಕಡೆ ಗೋಡೆ ನೋಡ್ಕೊಂಡು ಕೂತಿದೀನಿ ನಾನು. ಕಾಲುವೇಲಿ ನೀರು ಬಂತಾ ಅಂತ ನಿನ್ನ ಕೇಳಿ ತಿಳ್ಕೋಬೇಕು."

"ಹೊತ್ಕೊಂಡು ಇಳಿಸ್ತಿದ್ದೆ ಕಣೇ. ಬಾಯಿಬಿಟ್ಟು ಕೇಳಿದ್ರೆ ದಿನಾ ಇಳಿಸ್ತಿದ್ದೆ."

"ದಿನಾ ಕೇಳ್ಬೇಕಿತ್ತಲ್ಲ. ಅದೇ ನನಗೆ ಬೇಡವಾಗಿತ್ತು."

ಬಾತಿಮಾ ಒಳಗೆ ಬಂದಳು. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ತನ್ನ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಇಳಿದಳು. ಆ ದಿನ ಅವಳ ಹೆಜ್ಜೆಯ ಸದ್ದು ಯಾವ ಮಹಡಿಗೂ ಕೇಳಿಸಲಿಲ್ಲ.

ಅವಳು ಸಂಜರ್ ಮನೆಗೂ ಹೋಗಿ ಕ್ಷಮೆ ಕೇಳಿದಳು. ಅವನು ಒಳಗೆ ಕರೆದು ಕೂರಿಸಿದ, ಉಪಚರಿಸಿದ. "ಬಿಡಿ ಆಪಾ" ಎಂದ. ಆದರೆ ಹಿಂದಿನ ಸಲಿಗೆ ಇಬ್ಬರ ನಡುವೆ ಮತ್ತೆ ಬರಲಿಲ್ಲ. ಒಬ್ಬೊಬ್ಬರಾಗಿ ನಾವೆಲ್ಲ ಮನೆ ಬಿಟ್ಟುಕೊಡುವ ಒಪ್ಪಿಗೆಗೆ ಸಹಿ ಹಾಕಿದೆವು. ನಾನೂ ಹಾಕಿದೆ. ಎಲ್ಲರಿಗಿಂತ ಕೊನೆಗೆ ಬಾತಿಮಾ ಹಾಕಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ಯಂತ್ರಗಳು ಬಂದವು. ನೋಡಲು ನಾನು ಹೋಗಿದ್ದೆ. ಅವಳು ಬರಲಿಲ್ಲ.

ಈಗ ಅವಳೂ ನಾನೂ ಊರ ಹೊರಗಿನ ಒಂದೇ ಕಟ್ಟಡದಲ್ಲಿದ್ದೇವೆ. ಹೋದ ನೌರೂಜ್ ಹಬ್ಬಕ್ಕೆ ನಾನು ಅವಳ ಮನೆಯಲ್ಲಿ ಕೂತಿದ್ದಾಗ ಲೀದಾ ಬಂದಳು. ಕೈಯಲ್ಲಿ ಅಮ್ಮ ಕಳಿಸಿದ ತಟ್ಟೆ, ಅದರಲ್ಲಿ ಬೆಣ್ಣೆ ಸಕ್ಕರೆಯ ಪುಡಿ ಉದುರಿಸಿ ಬೇಯಿಸಿದ ಜರ್ಮನ್ ಕೇಕು.

"ಅಮ್ಮ ಈಗ ದಿನಾ ಕೆಳಗಿಳೀತಾಳೆ ಆಪಾ. ಅಂಗಳದ ಬೆಂಚಲ್ಲಿ ಕೂತ್ಕೋತಾಳೆ. ನಿಮ್ಮನ್ನ ಕೇಳ್ತಿರ್ತಾಳೆ."

"ಇಳೀಲಿ. ಒಳ್ಳೇದು" ಎಂದಳು ಬಾತಿಮಾ.

ನನಗೆ ಒಂದು ತುಂಡು ಕೊಟ್ಟು ತಾನೂ ಒಂದು ತಿಂದಳು. ಚೆನ್ನಾಗಿದೆ ಎಂದಳು. ಉಳಿದದ್ದನ್ನು ಡಬ್ಬಿಗೆ ತೆಗೆದಿಟ್ಟಳು. ತಟ್ಟೆಯನ್ನು ತೊಳೆದು, ಒರೆಸಿದಳು. ಮೇಜಿನ ಮೇಲೆ ಹಬ್ಬದ ಬೌರ್ಸಾಕ್, ಅಂದರೆ ಹಿಟ್ಟಿನ ಉಂಡೆಗಳನ್ನು, ಕರಿದು ರಾಶಿ ಹಾಕಿದ್ದಳು, ಒಣದ್ರಾಕ್ಷಿ ಇತ್ತು, ಮಿಠಾಯಿ ಇತ್ತು. ನಮ್ಮ ಕಡೆ ಬಂದ ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ.

ಬಾತಿಮಾ ಬರಿ ತಟ್ಟೆಯನ್ನು ಲೀದಾಳ ಕೈಗಿಟ್ಟಳು. ಲೀದಾ ಒಂದು ಕ್ಷಣ ಮೇಜಿನತ್ತ ನೋಡಿದಳು, ಆಮೇಲೆ ತಟ್ಟೆಯನ್ನು ಎದೆಗವಚಿಕೊಂಡು ಹೊರಟುಹೋದಳು.